ಮನೆಯವರ ಪಾಲು

ಮಂಗಳವಾರ ಸಂಜೆ ನಾಲ್ಕು ಗಂಟೆ ಐವತ್ತೆರಡು ನಿಮಿಷಕ್ಕೆ ಸೇಡಂನ ಪವಮಾನರಾಯರು ಅಳತೆಯ ಟೇಪಿನ ಒಂದು ತುದಿಯನ್ನು ತಮ್ಮ ಅಡುಗೆಮನೆಯ ಹೊಸ್ತಿಲಿಗೆ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಹಿತ್ತಿಲ ಬಾಗಿಲು ತಲುಪಿದ್ದರು. ನಾಲ್ಕು ಮೀಟರ್ ಎಪ್ಪತ್ತು ಸೆಂಟಿಮೀಟರ್. ಶಹಾಬಾದದಲ್ಲಿ ಹೋದ ವಾರ ಕೊಲೆ ನಡೆದ ಮನೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ದೂರ. ಕೊಲೆಗಾರ ಶವವನ್ನು ದಾಟಿಕೊಂಡು ಹಿತ್ತಿಲಿಗೆ ಓಡಲು ಎಷ್ಟು ಸೆಕೆಂಡು ಹಿಡಿದಿರಬಹುದು ಎಂಬುದು ಈಗಿನ ಪ್ರಶ್ನೆ. ಟೇಪಿತ್ತು, ಗಡಿಯಾರವಿತ್ತು, ಓಡಲು ಸ್ವತಃ ರಾಯರಿದ್ದರು. ಕೊರತೆ ಒಂದೇ.

"ವೃಂದಾ, ಎರಡು ನಿಮಿಷ ಇಲ್ಲಿ ಬಂದು ಮಲ್ಕೋ."

"ಯಾಕ್ರಿ?"

"ಶವ ಆಗಬೇಕು."

"ಈಗ ಆಗಂಗಿಲ್ಲ. ಒಲಿ ಮ್ಯಾಲ ಬ್ಯಾಳಿ ಇಟ್ಟೀನಿ."

"ಬ್ಯಾಳಿ ಬೇಯಲಿಕ್ಕೆ ಇನ್ನ ಹದಿನೆಂಟು ನಿಮಿಷ ಬೇಕು. ಶವಕ್ಕ ಎರಡು ಸಾಕು."

"ಮೊನ್ನೆನೂ ಎರಡು ನಿಮಿಷ ಅಂದು ಅರ್ಧಾ ತಾಸು ಮಲಗಿಸಿದ್ರಿ. ಸುತ್ತ ಸೀಮೆಸುಣ್ಣದಿಂದ ಗೆರಿ ಬ್ಯಾರೆ ಹೊಡದ್ರಿ. ಸತ್ತಾಕಿನೂ ನಾನೇ, ಎದ್ದು ನೆಲಾ ಒರಸಾಕಿನೂ ನಾನೇ!"

ದೇವರ ಕೋಣೆಯಿಂದ ರಾಯರ ತಾಯಿ ಶಾರದಾಬಾಯಿಯ ದನಿ ಬಂತು. ಅವರು ಮಡಿಯಲ್ಲಿದ್ದರು, ಮಡಿ ಮೈಗೆ, ನಾಲಿಗೆಗಲ್ಲ. "ಏ ಪವ್ಯಾ, ದೀಪಾ ಹಚ್ಚೋ ಹೊತ್ತಿಗೆ ಸೊಸಿನ್ನ ಹೆಣಾ ಮಾಡಬ್ಯಾಡೋ! ಊರಾಗ ಸತ್ತವರು ಸಾಲಂಗಿಲ್ಲೇನು ನಿನಗ?"

ಸಾಲುತ್ತಿರಲಿಲ್ಲ ಎನ್ನುವುದೇ ಸತ್ಯ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಇಷ್ಟು ಊರುಗಳ ಸಜ್ಜನರನ್ನೇ ನೆಚ್ಚಿಕೊಂಡು ವಾರಕ್ಕೊಂದು ನಿಜವಾದ ಅಪರಾಧ ಬರೆಯುವುದು ಸುಲಭದ ಕೆಲಸವಲ್ಲ. ರಾಯರು ಹಗಲೆಲ್ಲ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕರು, ಬಿ.ಎಸ್‌ಸಿ. ಪದವೀಧರರು. ಉಳಿದ ಹೊತ್ತಿನಲ್ಲಿ ಕಲಬುರಗಿಯ ಒಂದು ವಾರಪತ್ರಿಕೆಗೆ ಇಪ್ಪತ್ತೆರಡು ವರ್ಷಗಳಿಂದ 'ಘಟನಾ ಸ್ಥಳದಿಂದ' ಎಂಬ ಅಂಕಣ ಬರೆಯುತ್ತ ಬಂದಿದ್ದರು. ಈ ಸಾಹಿತ್ಯಸೇವೆಯಿಂದ ಅವರಿಗೆ ದೊರೆತ ಲೋಕಮನ್ನಣೆ ಎಂಥದೆಂದರೆ, ಮದುವೆಮನೆಯ ಹಂದರದೊಳಗೆ ಅವರು ಕಾಲಿಟ್ಟರೆ ಹೆಣ್ಣಿನ ತಂದೆ ಓಡಿಬಂದು, "ಯಾರಿಗೇನಾತ್ರಿ ರಾಯರೆ?" ಎನ್ನುತ್ತಿದ್ದ. ಅಕ್ಷತೆ ಹಾಕಲಿಕ್ಕೆ ಬಂದಿದ್ದೇನೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಠಾಣೆಯ ಹೆಡ್ ಕಾನ್‌ಸ್ಟೇಬಲ್ ಖಾಜಾಮಿಯಾ ಒಬ್ಬರೇ ಅವರನ್ನು ಕಂಡು ನಗುತ್ತಿದ್ದವರು. "ಬರ್ರಿ ರಾಯರೆ, ಕುಂದ್ರಿ. ಈ ವಾರ ಏನೂ ಇಲ್ಲ. ಒಂದು ಎಮ್ಮಿ ಕಳುವಾಗ್ಯದ, ನಡೀತದೇನ್ರಿ?" (ಎರಡು ಸಲ ನಡೆದಿದೆ.)

ರಾಯರ ವಿಧಾನ ನಿಖರ. ಟೇಪು, ಉಷ್ಣತಾಮಾಪಕ, ಗ್ರಾಫ್ ಹಾಳೆಯ ನೋಟ್‌ಬುಕ್ಕು. ಸ್ಥಳಕ್ಕೆ ಹೋಗಿ ದೂರ, ದಿಕ್ಕು, ವೇಳೆ ಎಲ್ಲವನ್ನೂ ಗುರುತು ಹಾಕಿಕೊಂಡು ಬರುವುದು. ಮನೆಗೆ ಬಂದರೆ ತಾಯಿಯ ಕಾಯಿದೆ: ಸಾವಿನ ಮನೆಯಿಂದ ಬಂದವನು ನೇರ ಹಿತ್ತಿಲಿಗೆ ಹೋಗಿ ಫರಸಿ ಕಲ್ಲಿನ ಮೇಲೆ ನಿಲ್ಲಬೇಕು, ಏನನ್ನೂ ಮುಟ್ಟಕೂಡದು. ನೋಟ್‌ಬುಕ್ಕಿಗೂ ತುಳಸಿ ನೀರು ಬೀಳುವವರೆಗೆ ಒಳಗೆ ಪ್ರವೇಶವಿಲ್ಲ. ವೃಂದಾ ತಂಬಿಗೆಯಿಂದ ತಲೆಯ ಮೇಲೆ ನೀರು ಸುರಿಯುವಳು, ಒಟ್ಟು ಹದಿನಾಲ್ಕು ತಂಬಿಗೆ. ಆ ಹದಿನಾಲ್ಕು ತಂಬಿಗೆ ಮುಗಿಯುವವರೆಗೆ ರಾಯರು ಕಣ್ಣು ಮುಚ್ಚಿ ನಡುಗುತ್ತ ಏನೇನೋ ಬಡಬಡಿಸುವರು: ಆ ಮನೆಯಲ್ಲಿ ಯಾರು ಅಳುತ್ತಿದ್ದರು, ಯಾರು ಅಳುತ್ತಿರಲಿಲ್ಲ, ಹಗ್ಗದ ಮೇಲೆ ಯಾರ ಸೀರೆ ಒಣಗಿತ್ತು. ತಲೆ ಒರೆಸಿಕೊಂಡ ಮೇಲೆ ಅದನ್ನೆಲ್ಲ ಮರೆತು, ನೋಟ್‌ಬುಕ್ಕಿಗೆ ಬೇಕಾದದ್ದನ್ನು ಮಾತ್ರ ಬರೆಯುವರು. ಬೇಕಾದದ್ದು ಎಂದರೆ ಅಂಕಿ.

ಮೊದಮೊದಲು ಹಸ್ತಪ್ರತಿ ಅಂಚೆಯಲ್ಲಿ ಹೋಗುತ್ತಿತ್ತು. 2016ರ ಏಪ್ರಿಲ್‌ನಿಂದ ಸಂಪಾದಕ ಅಶೋಕಕುಮಾರ, "ಸರ, ಇನ್ನ ವಾಟ್ಸಾಪ್‌ನ್ಯಾಗ ಹಾಕ್ರಿ" ಎಂದ. ರಾಯರ ಬೆರಳು ದಪ್ಪ. ನೋಟ್‌ಬುಕ್ಕನ್ನೂ ಫೋನನ್ನೂ ಹೆಂಡತಿಯ ಕೈಗೆ ಕೊಟ್ಟರು. ಅದೇ ತಿಂಗಳು ಇನ್ನೊಂದು ಸುಧಾರಣೆಯೂ ಆಯಿತು: ಪ್ರತಿ ಘಟನೆಯ ದಿನದ ಗರಿಷ್ಠ ಉಷ್ಣಾಂಶವನ್ನು ಸೇರಿಸಲು ರಾಯರು ನಿರ್ಧರಿಸಿದರು. ಅದುವರೆಗೆ ತಿಂಗಳಿಗೆ ಎರಡು ಬರುತ್ತಿದ್ದ ಓದುಗರ ಪತ್ರಗಳು (ಒಂದು ಅವರ ಭಾವಮೈದುನನದು) ಮೂವತ್ತು ದಾಟಿದವು. ಪಡಸಾಲೆಯ ಗೋಡೆಗೆ ಅಂಟಿಸಿದ್ದ ಗ್ರಾಫಿನಲ್ಲಿ ಗೆರೆ ಅಲ್ಲಿಂದ ಗುಡ್ಡ ಹತ್ತಿದಂತೆ ಮೇಲೇರಿತ್ತು. ಅದರ ಪಕ್ಕದಲ್ಲಿ ರಾಯರು ಕೆಂಪು ಶಾಯಿಯಿಂದ ಬರೆದಿದ್ದರು: 'ಉಷ್ಣಾಂಶದ ಪರಿಣಾಮ'. ಒಂದು ಪ್ರಯೋಗದಲ್ಲಿ ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ ಎಂದು ಪ್ರತಿ ವರ್ಷ ಹುಡುಗರಿಗೆ ಹೇಳಿಕೊಡುತ್ತಿದ್ದವರೂ ಅವರೇ.

ಎರಡು ತಿಂಗಳ ಹಿಂದೆ ವಾಡಿಯಲ್ಲಿ ಅವರಿಗೊಂದು ಸನ್ಮಾನವಾಯಿತು. ನಿರೂಪಣೆ ಮಾಡುತ್ತಿದ್ದ ಹುಡುಗಿ ಮೈಕು ಹಿಡಿದು, "ಸರ್, ನಿಮ್ಮ ಈ ಸಾಧನೆಯಲ್ಲಿ ಮನೆಯವರ ಪಾಲು ಎಷ್ಟು?" ಎಂದು ಕೇಳಿದಳು. ಬೇರೆ ಯಾರಾದರೂ ಆಗಿದ್ದರೆ 'ಅರ್ಧ' ಎಂದು ಹೇಳಿ, ಚಪ್ಪಾಳೆ ತೆಗೆದುಕೊಂಡು ಕೂಡುತ್ತಿದ್ದರು. ರಾಯರು ಸುಳ್ಳು ಹೇಳುವವರಲ್ಲ. ವಾರಕ್ಕೆ ಅಂಕಣದ ಒಟ್ಟು ಕೆಲಸ ಇಪ್ಪತ್ತೆರಡು ತಾಸು, ಅದರಲ್ಲಿ ವೃಂದಾಳ ಟೈಪಿಂಗು ನಲವತ್ತು ನಿಮಿಷ. ವೇದಿಕೆಯ ಮೇಲೆಯೇ ಭಾಗಾಕಾರ ಮಾಡಿ, "ಶೇಕಡಾ ಮೂರು ಪಾಯಿಂಟ್ ಸೊನ್ನೆ ಮೂರು" ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಎರಡನೇ ಸಾಲಿನಲ್ಲಿ ಸನ್ಮಾನದ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ವೃಂದಾ ನಗಲಿಲ್ಲ. ಬುಟ್ಟಿ ಭಾರ ಇರಬೇಕು ಎಂದುಕೊಂಡರು ರಾಯರು.

ಈಗ ಮಂಗಳವಾರ ಐದು ಗಂಟೆ ಏಳು ನಿಮಿಷಕ್ಕೆ ಕೊರಿಯರಿನವನು ಬಾಗಿಲು ಬಡಿದ. ಬಂದದ್ದು ರಾಯರ ಬಾಳಿನ ಏಕೈಕ ಆಸೆ: ಪುಸ್ತಕ. ಕಲಬುರಗಿಯ ಪ್ರಕಾಶಕ ಮಡಿವಾಳಯ್ಯ ಅಂಕಣದ ಈಚಿನ ವರ್ಷಗಳ ಇಪ್ಪತ್ತು ಬರಹಗಳನ್ನು ಆರಿಸಿ, ಅಚ್ಚಿಗೆ ಸಿದ್ಧಪಡಿಸಿ ಕಳಿಸಿದ್ದರು. ಇಪ್ಪತ್ತೆರಡು ವರ್ಷ ಹೆಣಗಳ ಹಿಂದೆ ತಿರುಗಿದ್ದಕ್ಕೆ ಕೊನೆಗೆ ಮುಖಪುಟದ ಮೇಲೆ ತಮ್ಮ ಹೆಸರಿರುವ ಒಂದು ವಸ್ತು. ಜೊತೆಗೊಂದು ಪತ್ರವೂ ಇತ್ತು:

'ರಾಯರೆ, ಓದಿ ಊಟ ಸೇರಲಿಲ್ಲ. ಇಂಥ ಬರವಣಿಗೆ ನಮ್ಮ ಕಡೆ ಬಂದಿಲ್ಲ. ನಡುನಡುವೆ ಬರುವ ಅಂಕಿಗಳನ್ನು ಮಾತ್ರ ಕೆಂಪು ಗೆರೆ ಎಳೆದು ತೆಗೆದಿದ್ದೇನೆ; ಅನ್ನದಲ್ಲಿ ಹರಳು ಸಿಕ್ಕಂತಾಗುತ್ತದೆ. ಶನಿವಾರ ಬರುತ್ತೇನೆ. ಲೇಖಕರ ಹೆಸರಿನ ಹಾಳೆ ತುಂಬಿಸಿಡಿ.'

ರಾಯರು ಹಾಳೆ ತಿರುವಿದರು. ನಲವತ್ಮೂರು ಡಿಗ್ರಿ ಉಷ್ಣಾಂಶಕ್ಕೆ ಕೆಂಪು ಗೆರೆ. ಹನ್ನೊಂದು ಮೀಟರಿಗೆ ಕೆಂಪು ಗೆರೆ. ವಾಯವ್ಯ ದಿಕ್ಕಿಗೆ ಎರಡೆರಡು. ಇನ್ನು ನೀಲಿ ಪೆನ್ಸಿಲಿನಿಂದ 'ಭೇಷ್!' ಎಂದು ಬರೆದಿದ್ದ ಕಡೆ ನೋಡಿದರೆ, ಚಿಮ್ಮನಚೋಡದ ನಾಗರತ್ನಾಳ ಕೊಲೆಯ ಬರಹದಲ್ಲಿ ಹೀಗಿತ್ತು: 'ಪರಾತದಲ್ಲಿ ನಾದಿದ ಹಿಟ್ಟು ಹಾಗೇ ಇತ್ತು. ಅದರ ಮೇಲೆ ಅವಳ ನಾಲ್ಕು ಬೆರಳು ಮೂಡಿದ್ದವು. ಪೊಲೀಸರು ಮನೆತುಂಬ ಬೆರಳಚ್ಚು ತೆಗೆದರು. ಅದೊಂದನ್ನು ಯಾರೂ ತೆಗೆಯಲಿಲ್ಲ.'

ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಈ ಸಾಲುಗಳನ್ನು ಅವರು ಬರೆದಿರಲಿಲ್ಲ.

ಅವರ ಸ್ವಂತ ಮನೆಯಲ್ಲಿ, ಅವರ ಸ್ವಂತ ಬರಹದೊಳಗೆ, ಯಾರೋ ನುಗ್ಗಿದ್ದರು! ಇಪ್ಪತ್ತೆರಡು ವರ್ಷದ ಅನುಭವವೆಲ್ಲ ಒಮ್ಮೆಲೇ ಎದ್ದು ನಿಂತಿತು. ನೋಟ್‌ಬುಕ್ಕು ತೆಗೆದು ಶಂಕಿತರ ಪಟ್ಟಿ ಮಾಡಿದರು. ಒಂದು, ಪ್ರಕಾಶಕ. ಆದರೆ ಪತ್ರಿಕೆಯ ಹಳೆಯ ಕತ್ತರಿಕೆಗಳಲ್ಲೂ ಅವೇ ಸಾಲುಗಳಿದ್ದವು, ಮಡಿವಾಳಯ್ಯ ಬಿಡುಗಡೆಯಾದರು. ಎರಡು, ಸಂಪಾದಕ. ಫೋನ್ ಹೋಯಿತು.

"ಅಶೋಕಕುಮಾರ, ನನ್ನ ಬರಹಕ್ಕ ಕೈ ಹಚ್ಚಲಿಕ್ಕೆ ನಿಮಗ ಯಾರು ಅಧಿಕಾರ ಕೊಟ್ರು?"

"ಸರ, ಬಸವಣ್ಣನ ಆಣಿ, ನಾ ಒಂದು ಕಾಮಾ, ಫುಲ್‌ಸ್ಟಾಪೂ ಮುಟ್ಟಂಗಿಲ್ರಿ. ವಾಟ್ಸಾಪ್‌ನಿಂದ ಎತ್ತಿ ಪುಟಕ್ಕ ಹಾಕೋದಷ್ಟೇ. ಅದಕ್ಕೂ ಮೊದಲ ನಮ್ಮ ಮನಿಯಾಕಿ ಓದಿ ಕಣ್ಣೀರು ಹಾಕ್ತಾಳ. ಅಳು ಬಂದಿಲ್ಲಂದ್ರ ಆ ವಾರದ್ದು ಬಂದಿಲ್ಲಂತ ತಿಳ್ಕೋತೀನಿ."

ಮೂರು, ಫೋನು. ಈಗಿನ ಫೋನುಗಳು ತಾವೇ ಪದ ಸೇರಿಸುತ್ತವೆ ಎಂದು ರಾಯರು ಎಲ್ಲೋ ಓದಿದ್ದರು. ಪ್ರಯೋಗಕ್ಕಿಳಿದರು. 'ಕೊಲೆ' ಎಂದು ಹತ್ತು ಸಲ ಒತ್ತಿ, ಮುಂದೇನು ಸೂಚಿಸುತ್ತದೆಂದು ಗುರುತು ಹಾಕಿಕೊಂಡರು. ಒಂಬತ್ತು ಸಲ 'ಕೊಲೆಸ್ಟ್ರಾಲ್' ಬಂತು. ಒಂದು ಸಲ ಏನೂ ಬರಲಿಲ್ಲ. ಇಷ್ಟು ದಡ್ಡ ಯಂತ್ರಕ್ಕೆ ಹಿಟ್ಟಿನ ಮೇಲಿನ ಬೆರಳು ಹೊಳೆಯುವುದು ಅಸಾಧ್ಯ. ಫೋನೂ ನಿರ್ದೋಷಿ.

ದೇವರ ಕೋಣೆಯಿಂದ ಶಾರದಾಬಾಯಿ ಯಾರಿಗೂ ಹೇಳದವರಂತೆ ಹೇಳಿದರು: "ಮೂರು ಮಂದಿ ಇರೋ ಮನ್ಯಾಗ ಕಳ್ಳರನ್ನ ಹುಡುಕಲಿಕ್ಕೆ ಕಲಬುರಗಿಗೆ ಫೋನ್ ಹಚ್ಚಾಕತ್ತಾನ. ನನಗಂತೂ ಓದಲಿಕ್ಕೆ ಕಣ್ಣಿಲ್ಲ."

ರಾಯರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು. ಟೇಪು ಇನ್ನೂ ಅಲ್ಲೇ ಸಿಕ್ಕಿಕೊಂಡಿತ್ತು. ವೃಂದಾ ರೊಟ್ಟಿ ಬಡಿಯುತ್ತಿದ್ದಳು.

"ನೀನೇನು?"

"ಹೌದು," ಎಂದಳು ವೃಂದಾ, ಬಡಿಯುವುದನ್ನು ನಿಲ್ಲಿಸದೆ.

ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಬೇಗ ತಪ್ಪೊಪ್ಪಿಕೊಂಡ ಆರೋಪಿಯನ್ನು ರಾಯರು ನೋಡಿರಲಿಲ್ಲ. ನೋಟ್‌ಬುಕ್ಕು ತೆರೆದು ಕೇಳಿದರು: "ಯಾವಾಗಿಂದ?"

"ನೀವು ಫೋನ್ ಕೊಟ್ಟ ದಿವಸದಿಂದ. ಮೊದಲ ಸಲ ಒಂದೇ ಸಾಲು. ಕುಂಚಾವರಂ ಕಡೆ ಮುದುಕನ ಕೊಲಿ ಆಗಿತ್ತಲ್ಲ, ಅದು. ನೀವು 'ಎಡಗಾಲಿನ ಚಪ್ಪಲಿ ಮೂರು ಮೀಟರ್ ದೂರ ಬಿದ್ದಿತ್ತು' ಅಂತ ಬರ್ದಿದ್ರಿ. ಬಲಗಾಲಿಂದು? ಅದನ್ನ ಮಗಳು ಎದಿಗೆ ಅವಚಿಕೊಂಡು ಕುಂತಿದ್ಲು ಅಂತ ನೀರು ಹಾಕೋ ಮುಂದ ನೀವೇ ನನಗ ಹೇಳಿದ್ರಿ. ಬರೀಲಿಲ್ಲ. ನಾ ಬರ್ದೆ."

"ಅದಕ್ಕ ಅಳತಿ ಇರಲಿಲ್ಲ."

"ಹೌದ್ರಿ. ಇರಲಿಲ್ಲ."

"ಆಮ್ಯಾಲ?"

"ಆಮ್ಯಾಲ ಎರಡು ಸಾಲು, ಹತ್ತು ಸಾಲು. ಈಗ ಪೂರಾ ನಾನೇ ಬರೀತೀನಿ. ನಿಮ್ಮ ಅಂಕಿ ಅಷ್ಟೂ ಇದ್ದಲ್ಲೇ ಇಡ್ತೀನಿ. ಒಂದೂ ತಪ್ಪಿಸಿಲ್ಲ. ಅಂಕಿ ತಪ್ಪಿದ್ರ ನೀವು ಓದ್ತಿದ್ರಿ."

ಈ ಮಾತು ರಾಯರಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಪ್ರತಿ ವಾರ ಪತ್ರಿಕೆ ಬಂದ ಕೂಡಲೇ ಅವರು ತಪ್ಪದೆ ಪರಿಶೀಲಿಸುತ್ತಿದ್ದರು: ವೇಳೆ ಸರಿ, ದೂರ ಸರಿ, ಉಷ್ಣಾಂಶ ಸರಿ. ಟಿಕ್ ಹಾಕಿ, ದಿನಾಂಕ ಬರೆದು, ಕತ್ತರಿಸಿ ಫೈಲಿಗೆ ಸೇರಿಸುತ್ತಿದ್ದರು. ಒಂಬತ್ತು ವರ್ಷದ ಅಷ್ಟೂ ಟಿಕ್ಕುಗಳು ಸರಿಯಾಗಿದ್ದವು. ಟಿಕ್ಕು ಮತ್ತು ಟಿಕ್ಕಿನ ನಡುವೆ ಏನಿತ್ತೆಂದು ಅವರು ನೋಡಿರಲೇ ಇಲ್ಲ.

ಆದರೂ ಕೊನೆಯದೊಂದು ಎಳೆ ಉಳಿದಿತ್ತು. "ಈ ಹಿಟ್ಟಿನ ಮಾತು ನಾ ನಿನಗ ಹೇಳಿಲ್ಲ. ಇದು ಹುಟ್ಟಿಸಿದ್ದು! ನಿಜ ಘಟನಾದಾಗ ಕಲ್ಪನಾ ಸೇರ್ಸೀದಿ!"

ವೃಂದಾಳ ಕೈ ಈಗ ನಿಂತಿತು.

"ಹುಟ್ಟಿಸಿದ್ದಲ್ಲ. ನಾಗರತ್ನಾನ ಅವ್ವ ರತ್ನಾಬಾಯಿಗೆ ಫೋನ್ ಮಾಡಿದ್ದೆ. ನಂಬರ್ ಖಾಜಾಮಿಯಾ ಕೊಟ್ರು. ನೀವು ಆ ಮನ್ಯಾಗ ಎರಡು ತಾಸು ಇದ್ರಂತ, ಒಲಿಯಿಂದ ಬಾಗಿಲತನಕ ಅಳದ್ರಂತ. ಆ ಮುದುಕಿ ಅಲ್ಲೇ ಮೂಲ್ಯಾಗ ಕಾಲು ಚಾಚಿ ಕುಂತಿದ್ಲು. ನಾ ಯಾರಂತ ಹೇಳಿದ ಕೂಡ್ಲೇ, 'ಆ ಸಾಹೇಬ್ರು ನನ್ನ ಕಾಲ ಮ್ಯಾಲಿಂದ ಟೇಪ್ ಎಳಕೊಂಡು ಹೋದ್ರವ್ವಾ' ಅಂದ್ಲು. ಬೈಲಿಲ್ಲ. ಸುಮ್ಮ ಹೇಳಿದ್ಲು. ನೆಪ್ಪದ ಏನ್ರಿ ನಿಮಗ?"

ರಾಯರಿಗೆ ನೆನಪಿತ್ತು. ಮೂರು ಮೀಟರ್ ಇಪ್ಪತ್ತು. ನಡುವೆ ಏನೋ ಎತ್ತರ ಬಂದು ಟೇಪು ನೇರ ಕೂಡಲಿಲ್ಲ. ಎರಡು ಸೆಂಟಿಮೀಟರ್ ಕಳೆದಿದ್ದರು.

ಹೆಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದಿತು. ವೃಂದಾ ಅದನ್ನು ಎತ್ತಿ ಪಕ್ಕಕ್ಕೆ ಹಾಕಿದಳು. ಸೋತ ಗಂಡಸು ಉದಾರಿಯಾಗುವ ಗಳಿಗೆ ಅದು. ರಾಯರು ಗಂಟಲು ಸರಿಮಾಡಿಕೊಂಡು, "ಆತು ಬಿಡು. ಪುಸ್ತಕದಾಗ ನಿನ್ನ ಹೆಸರೂ ಹಾಕಸ್ತೀನಿ. ಒಳಗ, ಅರಿಕಿಯೊಳಗ. ಟೈಪ್ ಮಾಡಿದವರು ಅಂತ," ಎಂದರು.

"ಮ್ಯಾಲ?"

"ಮ್ಯಾಲ ಅಂದ್ರ? ಇಪ್ಪತ್ತೆರಡು ವರ್ಷ ಬಿಸಲಾಗ ತಿರುಗ್ಯಾಡಿದಾಂವ ನಾನು. ನಿನಗ ಹೆಸರಿನ ಹುಚ್ಚು ಯಾವಾಗ ಹತ್ತಿತು? ಎಂದೂ ಬೇಕು ಅಂದಾಕಿ ಅಲ್ಲ."

"ಬ್ಯಾಡ ಅಂತ ಯಾವಾಗ ಅಂದೀನ್ರಿ?"

ರಾಯರು ನೋಟ್‌ಬುಕ್ಕಿನ ಹಾಳೆಗಳನ್ನು ಹಿಂದಕ್ಕೆ ತಿರುವತೊಡಗಿದರು.

"ನಾ ಬಾಯಿಲೆ ಹೇಳಿದ್ರ ನೀವು ನಂಬಂಗಿಲ್ಲ," ಎಂದಳು ವೃಂದಾ. "ಅಂಕಿ ನಂಬ್ತೀರಿ. ನಿಮ್ಮ ನೋಟ್‌ಬುಕ್ಕೂ ಅವ, ಅಯ್ಯನೋರು ಕಳಿಸಿದ ಹಾಳಿನೂ ಅವ. ಗೆರಿ ಹೊಡದದ್ದು ಬಿಟ್ಟು ಉಳದದ್ರಾಗ ನಿಮ್ಮವು ಎಷ್ಟು, ನನ್ನವು ಎಷ್ಟು, ಎಣಸ್ರಿ. ಯಾರವು ಹೆಚ್ಚು ಅವರ ಹೆಸರು. ನಿಮ್ಮವು ಹೆಚ್ಚಾದ್ರ ನಾ ಮತ್ತ ಬಾಯಿ ತಗದ್ರ ಕೇಳ್ರಿ."

ರಾಯರು ಒಪ್ಪಿದರು. ಅಳತೆಗೆ ಒಲ್ಲೆ ಎಂದ ದಾಖಲೆ ಅವರ ಜೀವನದಲ್ಲಿರಲಿಲ್ಲ. ಮೇಲಾಗಿ, ಎಷ್ಟೇ ಕಡಿಮೆಯೆಂದರೂ ಶೇಕಡಾ ಅರವತ್ತು ತಮ್ಮದೇ ಇದ್ದೀತೆಂಬ ಭರವಸೆಯಿತ್ತು.

ಬುಧವಾರ ಕಾಲೇಜಿಗೆ ರಜೆ ಹಾಕಿದರು. ಎಡಗಡೆ ನೋಟ್‌ಬುಕ್ಕು, ಬಲಗಡೆ ಅಚ್ಚಿನ ಹಾಳೆ. ಎರಡೂ ಕಡೆ ಇರುವ ಪದಕ್ಕೆ ಒಂದು ಚುಕ್ಕಿ. ಪ್ರತಿ ಬರಹದ ಮೊದಲ ಸಾಲಿಗೆ ಧಾರಾಳ ಚುಕ್ಕಿ ಬಿದ್ದವು: ವಾರ, ವೇಳೆ, ಊರು. ಅವನ್ನು ಮಡಿವಾಳಯ್ಯ ಉಳಿಸಿದ್ದರು. ಎರಡನೇ ಪ್ಯಾರಾದಿಂದ ಬಲಗಡೆ ಚುಕ್ಕಿಯಿಲ್ಲದ ಬರೀ ಬಯಲು. ಊಟಕ್ಕೆ ಕರೆದರೆ "ಇನ್ನೂ ಆರಂಭ" ಎಂದರು. ಬುಧವಾರ ಸಂಜೆಯ ಹೊತ್ತಿಗೆ ಅರವತ್ತರ ಭರವಸೆ ಹೋಯಿತು, ಗುರುವಾರ ಮಧ್ಯಾಹ್ನ ಇಪ್ಪತ್ತರದೂ ಹೋಯಿತು.

ಗುರುವಾರ ಇನ್ನೊಂದು ಅಪಘಾತವಾಯಿತು. ನಾಗರತ್ನಾಳ ಬರಹದಲ್ಲಿ 214ನೆಯ ಪದದವರೆಗೆ ಎಣಿಸಿದ್ದ ರಾಯರು ಅಲ್ಲಿಂದ ಎಣಿಸುವುದನ್ನು ಬಿಟ್ಟು ಓದತೊಡಗಿದರು. ಒಂದು ತಾಸು ಇಪ್ಪತ್ತು ನಿಮಿಷ. ಅವರು ಖುದ್ದಾಗಿ ಹೋಗಿ, ನಿಂತು, ಅಳೆದು ಬಂದಿದ್ದ ಮನೆ. ಆ ಮನೆಯೊಳಗೆ ಈಗ ಮೊದಲ ಸಲ ಹೋದಂತಾಯಿತು. ವೃಂದಾ ಚಹಾ ತಂದಿಟ್ಟಾಗ ಅವರು ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು.

"ಎಲ್ಲಿಗೆ ಬಂತ್ರಿ ಎಣಿಕಿ?"

"ತಪ್ಪಿತು," ಎಂದರು ರಾಯರು. "ಮತ್ತ ಮೊದಲಿಂದ ಎಣಸಬೇಕು."

ಆಕೆ ಚಹಾದ ಬಟ್ಟಲನ್ನು ನೋಟ್‌ಬುಕ್ಕಿಗೆ ಕಲೆಯಾಗದಷ್ಟು ದೂರ ಸರಿಸಿಟ್ಟು ಹೋದಳು. ಎಂದೂ ಹಾಗೇ ಇಡುತ್ತಿದ್ದಳು. ರಾಯರು ಅದನ್ನು ಅಂದು ನೋಡಿದರು.

ಶುಕ್ರವಾರ ಸಂಜೆ ಮೊತ್ತ ಸಿಕ್ಕಿತು. ಪುಸ್ತಕದಲ್ಲಿ ಉಳಿದ ಒಟ್ಟು ಪದ ನಲವತ್ತೊಂದು ಸಾವಿರದ ಇನ್ನೂರೈವತ್ತು. ರಾಯರವು ಒಂದು ಸಾವಿರದ ಇನ್ನೂರೈವತ್ತು. ಭಾಗಿಸಿದರು. ಬಂದ ಉತ್ತರ ನೋಡಿ, ತಪ್ಪಿರಬೇಕೆಂದು ಎರಡನೇ ಸಲ ಭಾಗಿಸಿದರು. ಮೂರನೇ ಸಲ ಕ್ಯಾಲ್ಕುಲೇಟರಿನ ಸೆಲ್ಲು ಬದಲಿಸಿ ಭಾಗಿಸಿದರು. ಆಮೇಲೆ ಎದ್ದು, ಪಡಸಾಲೆಯ ಗ್ರಾಫಿನ ಪಕ್ಕದ 'ಉಷ್ಣಾಂಶದ ಪರಿಣಾಮ' ಎಂಬುದನ್ನು ಹೊಡೆದುಹಾಕಿದರು.

ಶನಿವಾರ ಹನ್ನೊಂದು ಇಪ್ಪತ್ತಕ್ಕೆ ಮಡಿವಾಳಯ್ಯ ಬೆವರೊರೆಸಿಕೊಳ್ಳುತ್ತ ಬಂದರು. ರಾಯರು ಹೆಸರಿನ ಹಾಳೆಯನ್ನು ಮುಂದಿಟ್ಟರು. ಅಯ್ಯನವರು ಅದನ್ನು ಓದಿ, ರಾಯರ ಮುಖ ನೋಡಿ, ಮತ್ತೆ ಓದಿದರು.

"ರಾಯರೆ, ಇದು ನಿಮ್ಮ ಮನಿಯವರ ಹೆಸರಲ್ರಿ?"

"ಹೌದ್ರಿ. ಎಣಿಸೀನಿ."

"ಎಣಿಸೀರಿ?"

"ಮೂರು ದಿವಸ ಎಣಿಸ್ಯಾನ್ರಿ ಅಯ್ಯನೋರೆ," ದೇವರ ಕೋಣೆಯಿಂದ ಸಾಕ್ಷಿ ಬಂತು. "ಒಂದು ಮಾತು ಕೇಳಿದ್ರ ತಿಳಿಯೋದನ್ನ ಒಂಬತ್ತು ವರ್ಷ ಕೇಳಲಿಲ್ಲ."

ವೃಂದಾ ಚುರುಮುರಿ ಸುಸಲಾ ಮತ್ತು ಚಹಾ ತಂದಳು. ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿದಳು. ಒಂಬತ್ತು ಸೆಕೆಂಡು. (ರಾಯರಿಗೆ ಬಿಡದ ಚಟ.) ಸಂತೋಷವೋ ಸಿಟ್ಟೋ ಮುಖದಲ್ಲಿ ತಿಳಿಯಲಿಲ್ಲ, ಬಹುಶಃ ತಡವಾಗಿ ಬಂದದ್ದಕ್ಕೆ ಬೇರೆಯೇ ಒಂದು ಮುಖ ಇರುತ್ತದೆ. ಹೊರಗಿನವರ ಮುಂದೆ ಎಂದೂ ಕೂಡದ ಆಕೆ ಕುರ್ಚಿ ಎಳೆದುಕೊಂಡು ಕುಳಿತಳು. ರಾಯರು ಎದ್ದು ಚಹಾದ ಬಟ್ಟಲುಗಳನ್ನು ತಾವೇ ಹಂಚಿದರು.

"ಹಂಗಾದ್ರ ಅಕ್ಕೋರೆ, ಲೇಖಕರ ಅರಿಕಿ ನೀವೇ ಹೇಳಬೇಕು," ಎಂದು ಮಡಿವಾಳಯ್ಯ ಪೆನ್ನು ತೆಗೆದರು. "ಹೇಳ್ರಿ, ಬರ್ಕೋತೀನಿ. ಚಿಕ್ಕದಿರಲಿ."

ವೃಂದಾ ಸೆರಗಿನ ತುದಿಗೆ ಕೈ ಒರೆಸಿಕೊಂಡು ಹೇಳತೊಡಗಿದಳು. ಮೊದಲು ಚಿಮ್ಮನಚೋಡದ ರತ್ನಾಬಾಯಿಯನ್ನು ನೆನೆದಳು, ಆಮೇಲೆ ತಾನು ಫೋನು ಮಾಡಿದಾಗ ಎತ್ತಿ ಮಾತಾಡಿದ ಎಲ್ಲ ಮನೆಗಳ ಹೆಂಗಸರನ್ನು, ಆಮೇಲೆ ಖಾಜಾಮಿಯಾರನ್ನು. ಆಮೇಲೆ, "ಈ ಬರವಣಿಗೆಯಲ್ಲಿ ನಮ್ಮ ಮನೆಯವರ ಪಾಲು..." ಎಂದು ನಿಲ್ಲಿಸಿ, ಗಂಡನ ಕಡೆ ತಿರುಗಿದಳು.

"ಏನ್ರಿ, ಎಷ್ಟು ಬಂತು ಲೆಕ್ಕಾ?"

ಮಡಿವಾಳಯ್ಯನ ಪೆನ್ನು ಕಾದಿತ್ತು. ದೇವರ ಕೋಣೆಯಲ್ಲಿ ಗಂಟೆ ನಿಂತಿತ್ತು. ಬದುಕಿನಲ್ಲಿ ಮೊದಲ ಸಲ ಪವಮಾನರಾಯರಿಗೆ ಒಂದು ಅಂಕಿಯನ್ನು ಹೆಚ್ಚುಕಡಿಮೆ ಮಾಡಿ ಹೇಳಬೇಕೆನಿಸಿತು. ಐದು ಎನ್ನಬಹುದಿತ್ತು, ಹತ್ತೆಂದರೂ ಯಾರೂ ಎಣಿಸಿ ನೋಡುತ್ತಿರಲಿಲ್ಲ. ಆದರೆ ಎದುರಿಗೆ ಕುಳಿತವಳು ವಾಡಿಯ ಸಭೆಯಲ್ಲಿ ಎರಡನೇ ಸಾಲಿನಲ್ಲಿದ್ದಳು. ರಾಯರು ಖಾಲಿ ತಟ್ಟೆಯನ್ನು ಎದೆಗೆ ಹಿಡಿದುಕೊಂಡು, ಅಂದು ಮೈಕಿನಲ್ಲಿ ಹೇಳಿದಷ್ಟೇ ಸ್ಪಷ್ಟವಾಗಿ ಹೇಳಿದರು:

"ಶೇಕಡಾ ಮೂರು ಪಾಯಿಂಟ್ ಸೊನ್ನೆ ಮೂರು."